ಬೈಯದೆ ಸಹಿ ಮಾಡಿದ ಓವರ್ಸಿಯರ್

ಹೋದ ವಾರ ಓವರ್ಸಿಯರ್ ಸಾಹೇಬರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಶಾಲೆಯ ಅಂಗಳದಲ್ಲಿ ಜಮಖಾನೆ ಹಾಸಿ, ಫೋಟೊಕ್ಕೆ ಹಾರ ಹಾಕಿ, ಊದುಬತ್ತಿ ಹಚ್ಚಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಹೋಗಿ ಹಿಂದೆ ಕೂತೆ. ಮಾತಾಡಿದವರದೆಲ್ಲ ಒಂದೇ ರಾಗ. ಮೊದಮೊದಲು ಸಾಹೇಬರು ಬೆಂಕಿಯಂಥ ಮನುಷ್ಯರಂತೆ, ಆಮೇಲಾಮೇಲೆ ಬಹಳ ಶಾಂತರಾದರಂತೆ, ಒಬ್ಬರಿಗೂ ಒಂದು ಬಿರುಸು ಮಾತಾಡುತ್ತಿರಲಿಲ್ಲವಂತೆ, ದೇವರಂಥವರಂತೆ. ನೂಲಿನ ವ್ಯಾಪಾರಿಯ ಮಗನಂತೂ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ದೇವರಂತೆ! ಆ ಶಾಂತಿಗೆ ನನ್ನ ಗಂಡನ ಕಾಲು ಹೋಗಿದೆ ಎಂಬುದು ಅಲ್ಲಿ ಕೂತವರಲ್ಲಿ ಅರ್ಧ ಮಂದಿಗೆ ಗೊತ್ತು. ಒಬ್ಬರಾದರೂ ಬಾಯಿ ಬಿಟ್ಟರೇ? ನಾನು ಸೆರಗು ಕೊಡವಿಕೊಂಡು ಎದ್ದು ಬಂದೆ.

ಬಂದವಳು ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ, ಊರಿನ ಹೆಸರೂ ಬೇಡ. ರಬಕವಿ-ಬನಹಟ್ಟಿ ಸೀಮೆಯಲ್ಲಿ ನೇಕಾರರ ಓಣಿ ಎಂದರೆ ಎಲ್ಲ ಒಂದೇ ಥರ. ಮನೆಗೆ ಮನೆ ಅಂಟಿಕೊಂಡಿರುತ್ತದೆ, ಮೇಲೆ ಮಣ್ಣಿನ ಮಾಳಿಗೆ, ಬಾಗಿಲಲ್ಲಿ ಕಟ್ಟೆ, ಒಳಗೆ ಕಾಲಿಟ್ಟರೆ ಮಗ್ಗದ ಸದ್ದು. ಆಗ ಸಂಸ್ಥಾನಗಳು ಹೋಗಿ ಮುಂಬೈ ಸರ್ಕಾರ ಬಂದಿತ್ತು. ಅದಕ್ಕೂ ಮೊದಲು ನಮ್ಮ ಓಣಿಯಲ್ಲಿ ಮನೆ ಕಟ್ಟಲು ಯಾರನ್ನೂ ಕೇಳುವ ರೂಢಿ ಇರಲಿಲ್ಲವಂತೆ. ಗೌಂಡಿ ಬಂದು ಹಗ್ಗ ಹಿಡಿದು, ತೆಂಗಿನಕಾಯಿ ಒಡೆದರೆ ಕೆಲಸ ಶುರು. ಈಗ ನಕಾಶೆ ಬೇಕು, ಅರ್ಜಿ ಬೇಕು, ಪರವಾನಗಿ ಬೇಕು ಎಂದು ಮುನಸಿಪಾಲ್ಟಿಯವರು ಡಂಗುರ ಹೊಡೆಸಿದರು. ಡಂಗುರದ ಹಿಂದೆಯೇ, ಮನೆ ನೋಡಿ ಪರವಾನಗಿಗೆ ಸಹಿ ಮಾಡುವ ಓವರ್ಸಿಯರ್ ಆಗಿ ಸಾಹೇಬರು ಬಂದರು. ಬೀಳಗಿ ಕಡೆಯವರು, ಹೆಂಡತಿ ತೀರಿಹೋಗಿದ್ದರು, ಒಬ್ಬರೇ ಇದ್ದರು.

ಕರಿ ಟೋಪಿ, ಮಾಸಿದ ಕೋಟು, ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಮಡಚಿದ ಛತ್ರಿ. ಆ ಛತ್ರಿಯನ್ನು ಅವರು ಬಿಚ್ಚಿದ್ದು ನಾನು ಕಂಡಿಲ್ಲ. ಅದರ ಕಬ್ಬಿಣದ ಮೊನೆ ಇದ್ದದ್ದು ಗೋಡೆಯ ಬುಡ ತಿವಿಯುವುದಕ್ಕೆ. ಕಚೇರಿಗೆ ಹೋಗುವಾಗ, ಬರುವಾಗ, ಸಂತೆಗೆ ಹೋಗುವಾಗ, ದಾರಿಯಲ್ಲಿ ಸಿಕ್ಕ ಗೋಡೆಗೆಲ್ಲ ಒಂದೊಂದು ತಿವಿತ. ಮಣ್ಣು ಉದುರಿದರೆ ಮುಗಿಯಿತು. ಟೋಪಿ ತೆಗೆದು ತೊಡೆಗೆ ಬಡಿದುಕೊಂಡು ಶುರು ಮಾಡುತ್ತಿದ್ದರು.

"ಏನಪಾ, ಇದು ಗ್ವಾಡಿನೋ ಏನ್ ಹಿಟ್ಟಿನ ಮುದ್ದಿನೋ? ನಿಮ್ಮನಿ ನೀರು ಎಲ್ಲಿ ಹೋಗತೈತಿ? ಮೊದಲ ಅದನ್ನ ಹೇಳು. ಆಮ್ಯಾಲೆ ನಿನ್ನ ನಕಾಶಿ ತೋರಸು."

ಯಾರೇ ಅರ್ಜಿ ಹಿಡಿದು ಹೋಗಲಿ, ಮೊದಲ ಪ್ರಶ್ನೆ ಇದೇ, ನೀರು ಎಲ್ಲಿ ಹೋಗುತ್ತದೆ. ಮಾಳಿಗೆಯ ನೀರು, ಬಚ್ಚಲ ನೀರು, ಅಂಗಳದ ನೀರು, ಎಲ್ಲದಕ್ಕೂ ದಾರಿ ತೋರಿಸಬೇಕು. ಆಮೇಲೆ ಗಾಳಿ. ಒಂದೇ ಕಿಟಕಿ ಇಟ್ಟವರಿಗೆ, "ಬಂದ ಗಾಳಿ ಹೊರಗ ಹೋಗಾಕ ಎದುರಿಗೊಂದು ಗಂಡಿ ಬ್ಯಾಡೇನ್ರೀ? ಗಾಳೀನ ಒಳಗ ಹಾಕಿ ಕೀಲಿ ಹಾಕತೀರೇನು?" ಎನ್ನುತ್ತಿದ್ದರು. ಸೋರುತ್ತದೆಂದು ವರ್ಷ ವರ್ಷ ಮಾಳಿಗೆಯ ಮೇಲೆ ಹೊಸ ಮಣ್ಣು ಸುರಿಯುವವರನ್ನು ಕಂಡರಂತೂ ಬೀದಿಯಿಂದಲೇ ಕೂಗುತ್ತಿದ್ದರು. "ಹಳೇದು ಕೆರದು ಹಾಕ್ರಲೇ! ಜಂತಿ ಏನ್ ನಿಮ್ಮ ಕೂಲಿ ಆಳೇನು, ಎಷ್ಟಂತ ಹೊರಬೇಕದು?" ಮಾತು ಒರಟು, ಆದರೆ ಒಂದೂ ಸುಳ್ಳಲ್ಲ. ಅವರು ಹೇಳಿದಂತೆ ಕೆರೆದು ಹಾಕಿದ ಮಾಳಿಗೆಗಳು ಮಳೆಗಾಲದಲ್ಲಿ ನೆಟ್ಟಗೆ ನಿಂತವು.

ನೂಲಿನ ವ್ಯಾಪಾರಿ ಹೊಸ ಮನೆ ಕಟ್ಟಿಸಿದಾಗಿನ ಕಥೆ ಓಣಿಗೆಲ್ಲ ಗೊತ್ತು. ಬಾಗಿಲ ಕಟ್ಟೆಯನ್ನು ಅರ್ಧ ರಸ್ತೆಯವರೆಗೆ ಎಳೆದಿದ್ದ, ಅಡುಗೆಮನೆಗೆ ಹೊಗೆ ಹೋಗುವ ಗಂಡಿಯನ್ನೇ ಇಟ್ಟಿರಲಿಲ್ಲ. ಸಾಹೇಬರು ಬಂದರೆ ಬೆಳ್ಳಿ ತಾಟಿನಲ್ಲಿ ಚಹಾ ತರಿಸಿದ.

"ತಗೋರಿ ಸಾಹೇಬ್ರ, ಗಂಡಿ ಸಾವಕಾಶ ಇಡಸೋಣಂತ."

"ನಿಮ್ಮ ಚಾ ನೀವ ಕುಡೀರಿ. ಇಲ್ಲಲ್ಲ, ಒಳಗ ಒಲಿ ಮುಂದ ಕುಂತು ಕುಡೀರಿ. ಕಣ್ಣೀರು ಬಶಿಯೊಳಗ ಬೀಳತಾವೋ ಇಲ್ಲೋ ನೋಡೋಣ."

ಪರದೆಯ ಹಿಂದೆ ಹೆಂಗಸರು ಕಿಸಕ್ಕೆಂದು ನಕ್ಕರಂತೆ. ವ್ಯಾಪಾರಿ ದೊಡ್ಡವರ ಹತ್ತಿರ ದೂರು ಒಯ್ದ, ಸಾಹೇಬರನ್ನು ಎತ್ತಂಗಡಿ ಮಾಡಿಸುತ್ತೇನೆ ಎಂದ. ಏನೂ ಆಗಲಿಲ್ಲ. ಕಟ್ಟೆ ಒಡೆಸಲೇಬೇಕಾಯಿತು, ಹೊಗೆಗಂಡಿ ಬಂತು. ಸಭೆಯಲ್ಲಿ ಕಣ್ಣು ಒರೆಸಿಕೊಂಡ ಮಹಾಶಯ ಆ ವ್ಯಾಪಾರಿಯ ಮಗನೇ.

ನನಗೂ ಬೈದಿದ್ದಾರೆ. ನನ್ನ ತವರು ಸಾವಳಗಿ, ಹೊಲಮನೆಯ ಮಂದಿ. ಮದುವೆಯಾಗಿ ಈ ಓಣಿಗೆ ಬಂದ ಹೊಸತು, ಮಗ್ಗದ ಮನೆಯ ರೀತಿ ಒಂದೂ ಗೊತ್ತಿರಲಿಲ್ಲ. ಹಾಸು ಅಂದರೆ ಮಗ್ಗಕ್ಕೆ ಏರಿಸುವ ಉದ್ದದ ನೂಲು. ಅದಕ್ಕೆ ಗಂಜಿ ಹಚ್ಚಿ ಉಳಿದ ನೀರನ್ನು ಅತ್ತೆ ಗೋಡೆಯ ಬುಡಕ್ಕೆ ಚೆಲ್ಲುತ್ತಿದ್ದರು. ನಾನೂ ಹಾಗೇ ಚೆಲ್ಲಿದೆ. ಎಲ್ಲಿದ್ದರೋ ಏನೋ, ಹಿಂದಿನಿಂದ ಗುಡುಗಿದರು.

"ಏ ತಂಗೀ! ಆ ಗ್ವಾಡಿ ನಿನಗೇನು ಅನ್ಯಾಯ ಮಾಡೇತಿ? ದಿನಾ ಅದರ ಕಾಲಿಗೆ ನೀರು ಹಾಕಿದ್ರ ಅದು ಎಷ್ಟು ದಿನ ನಿಲ್ಲತೈತಿ? ಗಟಾರಕ್ಕ ಚೆಲ್ಲು, ನಾಕ್ ಹೆಜ್ಜಿ ಹೋದ್ರ ಸವೀತೀಯೇನು?"

ಕೊಡ ಅಲ್ಲೇ ಬಿಟ್ಟು ಒಳಗೆ ಓಡಿಬಂದು ಅತ್ತುಬಿಟ್ಟೆ. ಇವನ್ಯಾವ ಮನುಷ್ಯ, ಪರರ ಸೊಸೆಗೆ ಹೀಗೆ ಬೈಯುತ್ತಾನಲ್ಲ ಎಂದು ಮನಸ್ಸಿನಲ್ಲೇ ಶಪಿಸಿದೆ. ಆದರೆ ಮರುದಿನದಿಂದ ಗಟಾರಕ್ಕೇ ಹೋಗಿ ಚೆಲ್ಲಿದೆ. ಸ್ವಲ್ಪ ದಿನದಲ್ಲಿ ಆ ಗೋಡೆಯ ಬುಡದ ಹಸಿ ಆರಿ ಪಾಚಿ ಹೋಯಿತು. ಸಾಹೇಬರು ಬಂದು ತಿವಿದು ನೋಡಿ, "ಹಾಂ" ಎಂದು ಮುಂದೆ ಹೋದರು. ಆ ಒಂದು "ಹಾಂ"ಗೆ ನಾನು ದಿನವೆಲ್ಲ ಹಿಗ್ಗಿದೆ, ನೋಡಿ. ಅಲ್ಲಿಂದ ಅವರ ಬೈಗುಳ ನನಗೆ ಕಹಿಯಾಗಲಿಲ್ಲ.

ನಮ್ಮ ಓಣಿಯಲ್ಲಿ ಅವರು ಅತಿ ಹೆಚ್ಚು ಬೈದದ್ದು ಮಗ್ಗದ ಕುಣಿಯ ವಿಷಯಕ್ಕೆ. ನೇಯುವವನು ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯಬೇಕು. ಬೆಳಕು ಬೇಕಲ್ಲ, ಅದಕ್ಕೆ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿಯೇ ಕುಣಿ ತೋಡುತ್ತಿದ್ದರು. ಗೋಡೆಯ ಬುನಾದಿಗಿಂತ ಕುಣಿಯೇ ಆಳ. ಬರೀ ಮಾಳಿಗೆ ಹೊತ್ತ ಗೋಡೆಯಾದರೆ ಹೇಗೋ ನಿಲ್ಲುತ್ತಿತ್ತು. ಅದೇ ಗೋಡೆಯ ಮೇಲೆ ತೊಲೆ ಇಟ್ಟು ಇನ್ನೊಂದು ಖೋಲಿ ಏರಿಸಿದರೆ? ಸಾಹೇಬರ ಹಟ ಒಂದೇ: ಗೋಡೆ ಬದಿಯ ಕುಣಿ ಮುಚ್ಚಿ, ಮಗ್ಗವನ್ನು ನಡುಮನೆಗೆ ಸರಿಸಿ, ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ ಬಿಡಿ, ಆಮೇಲೆ ಮೇಲಿನ ಖೋಲಿಯ ಮಾತು. ನೇಕಾರರು ಅಷ್ಟು ಸುಲಭಕ್ಕೆ ಒಪ್ಪುವವರೇ? ಅಜ್ಜ ಕಾಲಿಟ್ಟ ಕುಣಿ ಮುಚ್ಚಬಾರದು ಎನ್ನುವವರು ಕೆಲವರು. ಉಳಿದವರದು ಇನ್ನೊಂದು ನೆಪ, ಹಾಸು ಮುಗಿಯಲಿ, ಆಮೇಲೆ ಸರಿಸುತ್ತೇವೆ.

ಆ ಹಾಸು ಎಂದೂ ಮುಗಿಯುವುದಿಲ್ಲ! ಮಗ್ಗ ಬರಿದಾಗಬಾರದು ಎಂಬುದು ಈ ಜನರ ಪದ್ಧತಿ. ಹಳೆಯ ಹಾಸು ತುದಿಗೆ ಬರುವ ಮೊದಲೇ, ಅದರ ಎಳೆ ಎಳೆಗೂ ಹೊಸ ಹಾಸಿನ ಎಳೆಗಳನ್ನು ಹೊಸೆದು ಕೂಡಿಸಿಬಿಡುತ್ತಾರೆ. ನೂಲು ಏರಿದ ಮಗ್ಗವನ್ನು ಮುಟ್ಟಿ ಸರಿಸುವಂತಿಲ್ಲ. ಹೀಗೆ ಒಂದೇ ಹಾಸು ಅಪ್ಪನಿಂದ ಮಗನಿಗೆ ನಡೆದುಕೊಂಡು ಬರುತ್ತದೆ. ಸಾಹೇಬರು ಬಂದ ಮೊದಲ ವರ್ಷ ಇದು ತಿಳಿಯದೆ ಮೋಸ ಹೋಗಿದ್ದರು. ತಿಳಿದ ಮೇಲೆ ಬಿಟ್ಟಾರೆಯೇ? ತುದಿಮನೆಯ ನೇಕಾರ ಹಾಸಿನ ನೆಪ ಹೇಳಿದಾಗ ಇಡೀ ಓಣಿ ಕೇಳುವಂತೆ ಕೂಗಿದ್ದರು. "ನಿನ್ನ ಹಾಸು ನಿನ್ನ ಮುತ್ಯಾನ ಕಾಲದಾಗ ಮುಗಿದಿಲ್ಲ, ನಿನ್ನ ಮೊಮ್ಮಗನ ಕಾಲಕ್ಕೂ ಮುಗಿಯೂದಿಲ್ಲ. ನನಗ ಕಲಸಾಕ ಬರಬ್ಯಾಡ. ಕತ್ತರಸು ಹಾಸು, ಮುಚ್ಚು ಕುಣಿ!" ಅವನು ಅತ್ತು, ಕರೆದು, ಕೊನೆಗೆ ಹಾಸು ಕತ್ತರಿಸಿ ಕುಣಿ ಮುಚ್ಚಿದ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ಸಾಹೇಬರಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ.

ಒಂದು ಮಳೆಗಾಲದಲ್ಲಿ ಅವರಿಗೆ ಜ್ವರ ಹಿಡಿಯಿತು. ನೋಡುವವರಿಲ್ಲ. ನಮ್ಮ ಅತ್ತೆ ದಿನಾ ಅಂಬಲಿ ಕಾಯಿಸಿ, ಗಿಂಡಿ ಮುಚ್ಚಿ, ತಾವೇ ಒಯ್ದು ಕೊಟ್ಟು ಬಂದರು. ಯಾರ ಮನೆಯ ನೀರನ್ನೂ ಮುಟ್ಟದ ಮನುಷ್ಯ ಅದನ್ನು ಕುಡಿದರು. ಎದ್ದು ಓಡಾಡುವಂತಾದ ಮೇಲೆ ಬಂದು ಅತ್ತೆಯನ್ನು "ಅಕ್ಕಾ" ಎಂದು ಕರೆದರು. ತಿರುಗಿ ಹೋಗುವಾಗ ನಮ್ಮ ಗೋಡೆಗೂ ಒಂದು ತಿವಿತ ಹಾಕಿದರು. ನಾವೆಲ್ಲ ನಕ್ಕೆವು.

ನಮ್ಮದು ಎರಡೇ ಖೋಲಿಯ ಮನೆ. ಮುಂದೆ ಮಗ್ಗ, ಹಿಂದೆ ಅಡುಗೆ. ಅತ್ತೆ ಮಾವ ಒಲೆಯ ಹತ್ತಿರ ಮಲಗಿದರೆ ನಾವಿಬ್ಬರು ಮಗ್ಗದ ಹಿಂದೆ. ಹೊಸದಾಗಿ ಮದುವೆಯಾದವರು ಗಂಡಹೆಂಡತಿ ಒಂದು ಮಾತಾಡಬೇಕಾದರೂ ಉಸಿರು ಬಿಗಿಹಿಡಿಯಬೇಕು. ಮಾವನೇ ನೋಡಿ ನೊಂದುಕೊಂಡು ಮೇಲೊಂದು ಖೋಲಿ ಹಾಕಿಸೋಣ ಎಂದರು. ಅರ್ಜಿ ಕೊಟ್ಟರು, ಸಾಹೇಬರು ಬಂದರು. ಕಿಟಕಿ ಕೆಳಗಿನ ಕುಣಿಗೆ ಇಳಿದು, ಛತ್ರಿಯಿಂದ ಗೋಡೆಯ ಬುನಾದಿ ತಿವಿದರು. ಹಿಡಿ ಮಣ್ಣು ಉದುರಿ ಅವರ ಕಾಲ ಮೇಲೆ ಬಿತ್ತು. ಟೋಪಿಗೆ ಕೈ ಹೋಯಿತು.

"ಕುಣಿ ಮುಚ್ಚರಿ. ಮಗ್ಗ ಸರಸ್ರಿ. ಇದರ ಮ್ಯಾಲೆ ತೊಲಿ ಇಟ್ಟೀರಿ ಅಂದ್ರ..."

ಅಷ್ಟರಲ್ಲಿ ಅತ್ತೆ ಅಡ್ಡ ಬಂದರು. "ತಮ್ಮಾ, ಈ ಕುಣ್ಯಾಗ ನಮ್ಮ ಮಾವ ಕುಂತಾರ, ಅವರಪ್ಪ ಕುಂತಾನ. ಇದನ್ನ ಮುಚ್ಚಿದ್ರ ನಮ್ಮ ಮನಿತನ ಮುಚ್ಚಿದಂಗ. ಹಾಸು ಮುಗಿದ ಮ್ಯಾಲೆ ಸಾವಕಾಶ ಸರಸ್ತೀವಿ. ಹುಡುಗೂರು ಸಂಸಾರ ಮಾಡಬೇಕು. ನನ್ನ ಮಾತಿಗೆ ಇಲ್ಲ ಅನಬ್ಯಾಡಪಾ."

ನಾನು ಬಾಗಿಲ ಸಂದಿಯಲ್ಲಿ ನಿಂತು ಕಾದೆ, ಈಗ ಗುಡುಗುತ್ತಾರೆ ಎಂದು. ತುದಿಮನೆಯವನಿಗೆ ಹೇಳಿದ ಮಾತೇ ಇಲ್ಲೂ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಎತ್ತಿದ ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. ಕುಣಿಯಿಂದ ಮೇಲೆ ಬಂದು ಕಾಲಿನ ಮಣ್ಣು ಕೊಡವಿಕೊಂಡರು. "ಹಾಸು ಮುಗಿದ ಕೂಡಲೆ ಸರಸಬೇಕು ನೋಡಕ್ಕಾ" ಎಂದರು, ಅತ್ತೆಯ ಮುಖ ನೋಡದೆ. ಆ ವಾರವೇ ಪರವಾನಗಿ ಬಂತು.

ಖೋಲಿ ಏರಿತು. ತೊಲೆಗೆ ಆಸರೆಯಾಗಿ ಕಂಬ ಕೊಡಿ ಎಂದಾದರೂ ಹೇಳಬಹುದಿತ್ತು, ಕಂಬ ಮಗ್ಗಕ್ಕೆ ಅಡ್ಡ ಬರುತ್ತದೆಂದು ಅದನ್ನೂ ಅವರು ಹೇಳಲಿಲ್ಲ. ತೊಲೆಗಳು ಆ ಗೋಡೆಯ ಮೇಲೆಯೇ ಕೂತವು. ಹಾಸಿನ ತುದಿ ಬಂದಾಗ ಮಾವ ಎಂದಿನಂತೆ ಹೊಸದನ್ನು ಕೂಡಿಸಿದರು. ಅದರಲ್ಲಿ ಅವರಿಗೆ ಮೋಸವೆನಿಸಲೇ ಇಲ್ಲ, ಕೈ ತಾನಾಗಿ ಹೋಯಿತು. ನಾನು ಒಮ್ಮೆ, "ಮಾವಾ, ಸಾಹೇಬ್ರು ಸರಸಂದಿದ್ರಲ್ರೀ" ಎಂದೆ. "ಬಂದು ಕೇಳಲಿ, ಆವಾಗ ನೋಡೋಣ" ಎಂದರು.

ಅವರು ಬಂದು ಕೇಳಲಿಲ್ಲ. ಅಷ್ಟೇ ಅಲ್ಲ, ನಮ್ಮ ಓಣಿಯಲ್ಲಿ ಅಡ್ಡಾಡುವುದನ್ನೇ ಬಿಟ್ಟರು. ಕಚೇರಿಗೆ ನಮ್ಮ ಓಣಿಯೇ ಹತ್ತಿರದ ದಾರಿ. ಅದನ್ನು ಬಿಟ್ಟು ಪೇಟೆ ಸುತ್ತಿ ಹೋಗತೊಡಗಿದರು. ಕಾಯಿಪಲ್ಲೆ ತರಲು ಹೋದಾಗ ನಾನೇ ಕಣ್ಣಾರೆ ಕಂಡೆ. ನನ್ನನ್ನು ನೋಡಿ ತಲೆ ತಗ್ಗಿಸಿ ಸರಸರ ನಡೆದರು. ಗೋಡೆ ತಿವಿಯದೆ ಒಂದು ಹೆಜ್ಜೆ ಮುಂದಿಡದ ಮನುಷ್ಯ, ನಮ್ಮ ಗೋಡೆಯ ಮುಂದೆ ಹಾಯಲು ಹೆದರಿದರು. ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು? ನನಗೆ ಅವರ ಮೇಲೆ ಅತಿ ಹೆಚ್ಚು ಸಿಟ್ಟು ಬರುವುದು ಸಹಿ ಮಾಡಿದ್ದಕ್ಕಲ್ಲ, ಈ ದಾರಿ ಬಿಟ್ಟದ್ದಕ್ಕೆ.

ಹಸ್ತ ಮಳೆ ಬಿಡದೆ ಹಿಡಿದಿತ್ತು. ಮಧ್ಯಾಹ್ನ, ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಮಾವ ಹಿಂದೆ ಅಡುಗೆಮನೆಯಲ್ಲೇ ಇದ್ದರು. ನಮ್ಮವರು ಕುಣಿಯಲ್ಲಿ ಕೂತು ನೇಯುತ್ತಿದ್ದರು. ಮಗ್ಗದ ಸದ್ದು ನಡುವೆಯೇ ನಿಂತಿತು, ಆಮೇಲೆ ನೆಲ ಅದುರಿತು. ಓಡಿ ಬಂದರೆ ಮುಂದಿನ ಗೋಡೆ ಇಲ್ಲ, ಬೀದಿ ಕಾಣುತ್ತಿದೆ. ಗೋಡೆಯ ಬುಡ ಜಾರಿ ಕುಣಿಗೆ ಕುಸಿದಿತ್ತು, ತೊಲೆ ಅದರ ಮೇಲೆ ಬಿದ್ದಿತ್ತು. ಓಣಿಯ ಮಂದಿ ಬಂದು ಕಲ್ಲು ಮಣ್ಣು ಎಳೆದು ಅವರನ್ನು ಹೊರಗೆ ತೆಗೆದರು. ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ, ಜಮಖಂಡಿಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಕಾಲು ಇಲ್ಲದವನು ಕುಣಿಮಗ್ಗ ತುಳಿಯುವುದು ಹೇಗೆ? ಅಪ್ಪ ಅಜ್ಜನಿಂದ ಬಂದ ಒಂದೇ ವಿದ್ಯೆ ಅವರಿಗೆ ಗೊತ್ತಿದ್ದದ್ದು.

ಸಾಹೇಬರು ಬಂದರು. ಬಾಗಿಲು ಇರಲಿಲ್ಲ, ಬಾಗಿಲಿದ್ದ ಜಾಗದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ಈಗಲಾದರೂ ಮಾವನಿಗೆ ಬೈಯಲಿ, ಹೇಳಿದ್ದು ಕೇಳಲಿಲ್ಲವಲ್ಲೋ ಎಂದು ಕೂಗಲಿ ಎಂದು ನಾನು ಅವರನ್ನೇ ನೋಡಿದೆ. ಬೈಯಲಿಲ್ಲ. ಅತ್ತೆ ಅವರ ಕೈ ಹಿಡಿದು, "ನಿಂದೇನೈತಿ ತಮ್ಮಾ ಇದರಾಗ, ನಮ್ಮ ಹಣೇಬರ" ಎಂದು ಅತ್ತರು. ಹಣೆಬರಹ ಅಲ್ಲ ಅತ್ತೆ, ಗೋಡೆ! ಎಂದು ಮನಸ್ಸಿನಲ್ಲೇ ಕೂಗಿದೆ. ಜನ ನನ್ನನ್ನು ಕೇಳುತ್ತಾರೆ, ಮಾವನ ಮೇಲೆ ಸಿಟ್ಟಿಲ್ಲವೇ, ಅತ್ತೆಯ ಮೇಲೆ ಇಲ್ಲವೇ ಎಂದು. ಇದೆ. ಆದರೆ ಅವರಿಗೆ ಮಗ್ಗ ಗೊತ್ತಿತ್ತು, ಗೋಡೆ ಗೊತ್ತಿರಲಿಲ್ಲ. ಗೋಡೆ ಗೊತ್ತಿದ್ದವರು ಸಾಹೇಬರು.

ಮಗ್ಗವನ್ನು ನಡುಮನೆಗೆ ಸರಿಸಿ, ಹೊಸ ಕುಣಿ ತೋಡಿ, ಮೇಲೆ ಬೆಳಕಿಂಡಿ ಬಿಟ್ಟೆವು. ಮನೆತನವೇನೂ ಮುಚ್ಚಿಹೋಗಲಿಲ್ಲ. ನಮ್ಮವರು ಮಗ್ಗದ ಪಕ್ಕ ಕೂತು ಹೇಳಿಕೊಟ್ಟರು, ಕುಣಿಗೆ ನಾನು ಇಳಿದೆ. ಓಣಿಯಲ್ಲಿ ನಕ್ಕರು, ನಗಲಿ. ನಾನು ಮಾಡುತ್ತಿದ್ದ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸ ಅವರ ಪಾಲಿಗೆ ಬಂತು.

ಆವತ್ತಿನಿಂದ ಸಾಹೇಬರು ಮೆತ್ತಗಾದರು. ಛತ್ರಿ ಕೈಯಲ್ಲಿ ಇರುತ್ತಿತ್ತು, ತಿವಿಯುತ್ತಿರಲಿಲ್ಲ. ನೋಡುವುದು, ತಗ್ಗಿದ ದನಿಯಲ್ಲಿ ಎರಡು ಮಾತು ಹೇಳುವುದು, ಹೋಗುವುದು. "ಸಾಹೇಬ್ರು ಭಾಳ ಛಲೋ ಆದ್ರು" ಎಂದು ಊರು ಹಿಗ್ಗಿತು. ಹಿಗ್ಗದೆ ಏನು? ಯಾರೂ ಕೇಳುವವರಿಲ್ಲವೆಂದು ಮತ್ತೆ ಕಟ್ಟೆಗಳು ರಸ್ತೆಗೆ ಬಂದವು.

ಅಷ್ಟರಲ್ಲಿ ನಮ್ಮ ಎದುರುಮನೆಯವನು ಮೇಲೊಂದು ಖೋಲಿಗೆ ಕೈ ಹಾಕಿದ. ಅವನ ಕುಣಿಯೂ ಗೋಡೆಗೆ ಒತ್ತಿಯೇ ಇತ್ತು, ಅದರಲ್ಲಿ ಅವನ ತಮ್ಮ ಕೂರುತ್ತಿದ್ದ. ಸಾಹೇಬರು ಬಂದು ನೋಡಿ ಹೋದರು. ಮರುದಿನ ಗೌಂಡಿಗಳು ಕಲ್ಲು ಇಳಿಸಿದರು. ನಾನು ಕುಣಿಯಿಂದ ಎದ್ದು, ಹೆಗಲ ಮೇಲಿನ ನೂಲಿನ ಚೂರನ್ನೂ ಕೊಡವದೆ ಕಚೇರಿಗೆ ಹೋದೆ.

"ಸಾಹೇಬ್ರ, ಎದುರಮನಿಯವಗ ಏನ್ ಹೇಳಿ ಬಂದ್ರಿ?"

"ಕುಣಿ ಸರಸಪಾ, ವಿಚಾರ ಮಾಡು ಅಂತ ಹೇಳೀನಿ ತಂಗಿ."

"ಹೇಳಿದ್ರಿ ಖರೆ. ಬೈದ್ರೇನು?"

ಅವರು ತಲೆ ತಗ್ಗಿಸಿದರು. "ಯಾವ ಬಾಯಿಲೆ ಬೈಲಿ? ನಿಮ್ಮನ್ಯಾಗ ಹಂಗಾದ ಮ್ಯಾಲೆ ನನಗ ಯಾರಿಗೂ ಬೈಯೂ ಹಕ್ಕಿಲ್ಲ."

"ನಮ್ಮನ್ಯಾಗ ಹಂಗಾದ ಮ್ಯಾಲೆ ನೀವು ಮೂರುಪಟ್ಟು ಬೈಬೇಕಾಗಿತ್ರಿ!" ಕಚೇರಿಯ ಮಂದಿಯೆಲ್ಲ ಕೆಲಸ ಬಿಟ್ಟು ನೋಡಿದರು. ನೋಡಲಿ. "ನಿಮ್ಮ ಬೈಗಳದಿಂದ ಈ ಊರಾಗ ಯಾರ ಕಾಲೂ ಮುರಿದಿಲ್ಲ. ನೀವು ಬಾಯಿ ಮುಚ್ಚಿಕೊಂಡು ಸಹಿ ಮಾಡಿದ್ದಕ್ಕ ನನ್ನ ಗಂಡನ ಕಾಲು ಹೋತು. ಏಳ್ರಿ, ನಡೀರಿ."

ಎದ್ದರು. ನಾನು ಹಿಂದೆ, ಅವರು ಮುಂದೆ. ಪೇಟೆ ಸುತ್ತಲು ಬಿಡಲಿಲ್ಲ, ನೇರ ನಮ್ಮ ಓಣಿಯಲ್ಲೇ ನಡೆಸಿದೆ. ಎದುರುಮನೆಯ ಮುಂದೆ ಬಂದು ನಿಂತರು. ಆಮೇಲೆ ಛತ್ರಿ ಎತ್ತಿ ಗೋಡೆಯ ಬುಡಕ್ಕೆ ತಿವಿದರು.

"ಲೇ! ಹೊರಗ ಬಾರಲೇ! ಗೌಂಡಿಗೋಳನ್ನ ಇಳಸು ಮೊದಲ. ತಮ್ಮನ್ನ ಒಳಗ ಕುಂದರಿಸಿ ಅವನ ನೆತ್ತಿ ಮ್ಯಾಲೆ ಗ್ವಾಡಿ ಎಬ್ಬಸ್ತೀಯೇನು? ಮನುಷ್ಯಾ ಅದೀಯೋ ಇಲ್ಲೋ? ಹಾಸು ಮುಗಿಯೂ ಮಟಾ ಅಂತ ಬಾಯಿ ತಗದೀ ಅಂದ್ರ ನಾನಾ ಒಳಗ ಬಂದು ಹಾಸು ಕತ್ತರಸ್ತೀನಿ. ಮುಚ್ಚು ಕುಣಿ! ನಾ ಇಲ್ಲೇ ನಿಂತಿರ್ತೀನಿ, ನನ್ನ ಕಣ್ಣ ಮುಂದ ಮುಚ್ಚು!"

ಓಣಿಗೆ ಓಣಿಯೇ ಹೊರಗೆ ಬಂದು ನಿಂತಿತು. ಎದುರುಮನೆಯವನು ಹಾಸು ಕತ್ತರಿಸಿದ. ಕುಣಿ ತುಂಬುವವರೆಗೆ ಸಾಹೇಬರು ಅಲ್ಲಾಡಲಿಲ್ಲ. ಆ ಮನೆ ಇಂದಿಗೂ ನೆಟ್ಟಗಿದೆ, ಅವನ ತಮ್ಮ ಈಗಲೂ ಎರಡು ಕಾಲಿನಲ್ಲಿ ಓಡಾಡುತ್ತಾನೆ. ಅದಾದ ಮೇಲೆ ಸಾಹೇಬರು ಯಾರಿಗೂ ಹಾಗೆ ಬೈದದ್ದನ್ನು ನಾನು ಕೇಳಲಿಲ್ಲ.

ಆವತ್ತು ಕುಣಿ ತುಂಬಿ ಮುಗಿದ ಮೇಲೆ ನನ್ನ ಕಡೆ ತಿರುಗಿದ್ದರು. ಹಣೆಯಲ್ಲಿ ಬೆವರಿತ್ತು.

"ಈಗರೆ ಸಮಾಧಾನ ಆತೇನವ್ವಾ?"

ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸಿಟ್ಟಿನದು.

"ಇಲ್ರಿ. ಇಷ್ಟು ದನಿ ನಿಮ್ಮ ಹತ್ರ ಇತ್ತಲ್ರೀ ಸಾಹೇಬ್ರ. ಅವತ್ತು ನಮ್ಮನ್ಯಾಗ ಇದನ್ನ ಎಲ್ಲಿ ಇಟ್ಟಿದ್ರಿ?"